ಸತ್ತ ಕ್ರಿಮಿಗೂ ಹೆದರುವ ನೀರಕ್ಕ

ಬೆಳಗಿನ ಜಾವ ನಾಲ್ಕೂಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ನೀರಕ್ಕ ಮಂಡಿಯೂರಿ ಕೂತು ಪೈಪಿಗೆ ಕಿವಿ ಕೊಟ್ಟಿದ್ದಾರೆ. ಒಳಗೆ ನೀರು ಸರಿಯಾಗಿ ಓಡುತ್ತಿದೆಯೇ ಎಂದು ಸದ್ದಿನಲ್ಲೇ ತಿಳಿಯಬೇಕು. ಆ ಕೊಠಡಿಯ ಪೈಪುಗಳನ್ನೆಲ್ಲ ಬಿಚ್ಚಿ ಜೋಡಿಸಿದರೆ ಚಂದ್ರನಿಗೂ ಒಂದು ನಲ್ಲಿ ಹಾಕಿಸಿಕೊಡಬಹುದು. ಆಳೆತ್ತರದ ಎರಡು ಟ್ಯಾಂಕು, ಒಂದೇ ಬಲ್ಬು, ಸದಾ ಒದ್ದೆ ನೆಲ, ಮೂಗು ಸುಡುವ ಬ್ಲೀಚಿನ ಘಾಟು. ನೀರಕ್ಕನಿಗೆ ಐವತ್ತಾರು ವರ್ಷ. ಕೈ ನೋಡಿದರೆ ನೂರಾ ಐವತ್ತಾರು. ಹತ್ತೊಂಬತ್ತು ವರ್ಷ ಈ ಬ್ಲೀಚಿನಲ್ಲಿ ನೆನೆದು ಬೆರಳ ಗೆರೆಗಳೇ ಅಳಿಸಿಹೋಗಿವೆ. ಹಾಜರಿಗೆ ಹೆಬ್ಬೆಟ್ಟು ಒತ್ತಿದರೆ ಯಂತ್ರ ಗುರುತು ಹಿಡಿಯುವುದಿಲ್ಲ.

"ನಾನು ಬಂದ್ರೆ ಆ ಮಿಷನ್‌ಗೂ ಗೊತ್ತಾಗಲ್ಲ. ಬರ್ದೇ ಇದ್ರೆ ಮಾತ್ರ ಊರಿಗೆಲ್ಲಾ ಗೊತ್ತಾಗುತ್ತೆ" ಎಂದು ನಗುತ್ತಾರೆ.

ಮೇಲಿನ ಮಹಡಿಯಲ್ಲಿ ಡಯಾಲಿಸಿಸ್ ವಾರ್ಡು. ಕಿಡ್ನಿ ಕೈಕೊಟ್ಟವರು ಹನ್ನೆರಡು ಕುರ್ಚಿಗಳಲ್ಲಿ ಮೂರು ಸರದಿಯಂತೆ ದಿನಕ್ಕೆ ಮೂವತ್ತಾರು ಜನ ಬಂದು ರಕ್ತ ತೊಳೆಸಿಕೊಂಡು ಹೋಗುತ್ತಾರೆ. ಒಬ್ಬೊಬ್ಬರಿಗೂ ನೂರಿಪ್ಪತ್ತು ಲೀಟರ್ ನೀರು ಬೇಕು. ಯಂತ್ರದೊಳಗೆ ಆ ನೀರು ರಕ್ತದ ಪಕ್ಕದಲ್ಲೇ ಹರಿಯುತ್ತದೆ. ನಡುವೆ ಇರುವುದು ಕೂದಲಿಗಿಂತ ತೆಳ್ಳನೆಯ ಪೊರೆ. ನನ್ನ ಯಜಮಾನರು ಕೊನೆಯ ಎರಡು ವರ್ಷ ಆ ಕುರ್ಚಿಯಲ್ಲೇ ಕಳೆದರು. ನೀರು ಎಲ್ಲಿಂದ ಬರುತ್ತದೆ ಎಂದು ನಾವ್ಯಾರೂ ಒಂದು ದಿನ ಕೆಳಗಿಳಿದು ನೋಡಲಿಲ್ಲ.

ಭಾನುವಾರ ವಾರ್ಡಿಗೆ ರಜೆ. ಅವತ್ತು ನೀರಕ್ಕ ಪೈಪುಗಳಿಗೆ ಬ್ಲೀಚು ಬಿಟ್ಟು ಕ್ರಿಮಿ ಕೊಲ್ಲುತ್ತಾರೆ. ಸೋಮವಾರ ಜಾವದಲ್ಲಿ ತೊಳೆದು ಚೆಲ್ಲುತ್ತಾರೆ. ಐದು ವರ್ಷದ ಹಿಂದೆ ಒಂದು ಭಾನುವಾರ, ಪೈಪು ಒಳಗೆ ಲೋಳೆಗಟ್ಟಿದೆ ಅನ್ನಿಸಿ ಇವರು ಬ್ಲೀಚನ್ನು ಎರಡರಷ್ಟು ಸುರಿದರು. ಮಾರನೆಯ ದಿನ ಔಷಧಿಯ ವಾಸನೆ ಹೋಗುವಷ್ಟು ಮಾತ್ರ ತೊಳೆದು ನೀರನ್ನು ಮೇಲಕ್ಕೆ ಬಿಟ್ಟರು.

"ಎಲ್ಲಾ ಸತ್ತಿರುತ್ತೆ, ಸತ್ತಿದ್ದು ಇನ್ನೇನು ಮಾಡುತ್ತೆ ಅಂದ್ಕೊಂಡೆ. ಕೆಲವು ಕ್ರಿಮಿಗೆ ವಿಷ ಇರೋದೇ ಮೈಮೇಲಿನ ಸಿಪ್ಪೆಯಲ್ಲಂತೆ. ಬದುಕಿರೋವಾಗ ಅದು ಮೈಗೆ ಅಂಟ್ಕೊಂಡಿರುತ್ತೆ. ನಾವು ಕೊಂದಾಗ ಮೈ ಒಡೆದು, ಸಿಪ್ಪೆ ಪುಡಿಪುಡಿಯಾಗಿ ನೀರಿಗೆ ಬಿಟ್ಕೊಳ್ಳುತ್ತೆ. ಬ್ಲೀಚು ಕ್ರಿಮಿನ ಕೊಲ್ತು. ವಿಷಾನ ಕೊಲ್ಲಲಿಲ್ಲ. ಇದೆಲ್ಲಾ ದೊಡ್ಡ ಡಾಕ್ಟರು ಆಮೇಲೆ ಹೇಳಿದ್ದು. ಆಮೇಲೆ."

ಅವತ್ತು ಅರ್ಧ ಗಂಟೆಯೊಳಗೆ ಏಳು ಕುರ್ಚಿಗಳು ಗಡಗಡ ಅಲುಗಿದವು. ನಾಲ್ಕನೇ ಕುರ್ಚಿಯಲ್ಲಿ ಒಬ್ಬ ದರ್ಜಿ ಇದ್ದರು, ಎರಡು ಹೆಣ್ಣುಮಕ್ಕಳ ತಂದೆ. "ಅಕ್ಕಾ, ಚಳಿ" ಅಂದರು. ಮೂರು ಕಂಬಳಿ ಹೊದಿಸಿದರೂ ಹಲ್ಲು ಕಟಕಟ ನಿಲ್ಲಲಿಲ್ಲ. ರಕ್ತದೊತ್ತಡ ಕುಸಿಯಿತು. ಮಧ್ಯಾಹ್ನಕ್ಕೆ ಹೋಗಿಬಿಟ್ಟರು. ನೀರಿನ ಪರೀಕ್ಷೆಯ ಚೀಟಿ ಬಂದದ್ದು ಮೂರು ದಿನ ಕಳೆದ ಮೇಲೆ. ಅದರಲ್ಲಿ ಜೀವಂತ ಕ್ರಿಮಿ ಸೊನ್ನೆ ಎಂದಿತ್ತು.

ಆಸ್ಪತ್ರೆಯವರು ಹೃದಯಾಘಾತ ಎಂದು ಬರೆದು ಕೈತೊಳೆದುಕೊಂಡರು. ನೀರಕ್ಕ ದರ್ಜಿಯ ಮನೆಗೆ ಹೋಗಿ, ಹೊಲಿಗೆ ಯಂತ್ರದ ಪಕ್ಕದಲ್ಲಿ ನಿಂತು, ಅವರ ಹೆಂಡತಿಗೆ ಇದ್ದದ್ದು ಇದ್ದಂತೆ ಹೇಳಿದರು.

"ಆಯಮ್ಮ ಬೈತಾರೆ, ಹೊಡೀತಾರೆ ಅಂದ್ಕೊಂಡೇ ಹೋಗಿದ್ದೆ. ಅವರು ಒಳಗೆ ಹೋಗಿ ಬಾಗಿಲು ಹಾಕ್ಕೊಂಡ್ರು. ಹೊಡೆದಿದ್ರೆ ಚೆನ್ನಾಗಿತ್ತು."

ದೊಡ್ಡ ಡಾಕ್ಟರು ಆಮೇಲೆ ಒಂದು ಪರೀಕ್ಷೆ ಕಲಿಸಿದರು. ಕಿರುಬೆರಳಿನಷ್ಟು ಗಾಜಿನ ಕೊಳವೆಯಲ್ಲಿ ಒಂದು ಪುಡಿ, ಅದಕ್ಕೆ ನಾಲ್ಕು ಹನಿ ನೀರು. ಮೈಬಿಸಿಯಷ್ಟು ಶಾಖದಲ್ಲಿ ಒಂದು ಗಂಟೆ ಅಲುಗಿಸದೆ ಇಟ್ಟು, ಬೋರಲು ಹಾಕಿ ನೋಡಬೇಕು. ಹರಿದರೆ ನೀರು ಒಳ್ಳೆಯದು. ಹೆಪ್ಪುಗಟ್ಟಿ ತಳಕ್ಕೆ ಅಂಟಿಕೊಂಡರೆ ವಿಷ ಇದೆ. ನಾಲ್ಕನೇ ತರಗತಿಗೆ ಸ್ಲೇಟು ಬಿಸಾಕಿ ಬಂದ ಹೆಂಗಸು ಈ ಕೊಳವೆಯನ್ನು ಹಿಡಿಯುವ ಚಂದ ನೋಡಬೇಕು, ಈಗಷ್ಟೇ ಹುಟ್ಟಿದ ಕೂಸು ಕೈಯಲ್ಲಿದೆ ಅನ್ನಬೇಕು.

ಇವತ್ತು ಸೋಮವಾರ. ಆರು ಗಂಟೆಗೆ ಕೊಳವೆ ಬೋರಲಾಗುತ್ತದೆ. ಹೆಪ್ಪು ಅಲುಗುವುದಿಲ್ಲ.

ಹೊಸ ಮೇಲ್ವಿಚಾರಕ ಮೆಟ್ಟಿಲಿಳಿದು ಬರುತ್ತಾನೆ. ಹಿಂದಿನ ತಿಂಗಳು ಎರಡು ಸಲ ನೀರು ಬಿಡುವುದು ತಡವಾಗಿದ್ದಕ್ಕೆ ನೀರಕ್ಕನ ಕೈಗೆ ಎಚ್ಚರಿಕೆ ಪತ್ರ ಕೊಟ್ಟವನು ಇವನೇ. ಇನ್ನೊಂದು ಸಲ ತಡವಾದರೆ ಕೆಲಸ ಇಲ್ಲ ಎಂದು ಅದರಲ್ಲಿದೆ.

"ಏನಮ್ಮಾ, ಇನ್ನೂ ನೀರು ಬಿಟ್ಟಿಲ್ವಾ? ಬ್ಲೀಚು ಪೂರ್ತಿ ಹೋಗಿದೆ, ನಾನೇ ನೋಡ್ದೆ. ಕ್ರಿಮಿ ಎಲ್ಲಾ ಸತ್ತಿದೆ ತಾನೇ?"

"ಸತ್ತಿದೆ ಸಾರ್. ಅದೇ ತೊಂದ್ರೆ. ಇನ್ನೊಂದು ಗಂಟೆ ತೊಳೀಬೇಕು, ಇನ್ನೊಂದು ಗಂಟೆ ಪರೀಕ್ಷೆ."

"ಎರಡು ಗಂಟೆನಾ? ಪತ್ರ ನೆನಪಿದೆಯಾ?"

"ಇದೆ ಸಾರ್. ನೀವೇ ಬಿಡೋದಾದ್ರೆ ವಾಲ್ವು ಅಲ್ಲಿದೆ. ಬಿಟ್ಟಿದ್ದು ನೀವೇ ಅಂತ ಈ ದಾಖಲೆ ಪುಸ್ತಕದಲ್ಲಿ ಸಹಿ ಹಾಕ್ಬಿಡಿ."

ಆತ ವಾಲ್ವನ್ನು ನೋಡುತ್ತಾನೆ, ಪುಸ್ತಕವನ್ನು ನೋಡುತ್ತಾನೆ. "ಮಧ್ಯಾಹ್ನ ಆಫೀಸಿಗೆ ಬಾ" ಎಂದು ಮೆಟ್ಟಿಲು ಹತ್ತಿ ಹೋಗುತ್ತಾನೆ.

ಮೇಲೆ ವಾರ್ಡಿನಲ್ಲಿ ಗಲಾಟೆ. ಹನ್ನೆರಡು ಜನ ಹನ್ನೆರಡು ಸಾವಿರ ಬೈಗುಳ ಬೈಯುತ್ತಿದ್ದಾರೆ. ಅವರಲ್ಲೊಬ್ಬ ನೀರಕ್ಕನ ಸ್ವಂತ ತಮ್ಮ, ಬಸ್ ಕಂಡಕ್ಟರ್ ಆಗಿದ್ದವನು. ಕಾಲು ಊದಿಕೊಂಡು ಚಪ್ಪಲಿಯೊಳಗೆ ಹೋಗುವುದಿಲ್ಲ, ಬಾಯಿ ಮಾತ್ರ ಊದಿಲ್ಲ.

"ಅಕ್ಕಾ, ಸೀಟೆಲ್ಲಾ ಫುಲ್ಲು! ಇನ್ನೂ ರೈಟ್ ಹೇಳಲ್ವಾ? ನಾವು ಇಲ್ಲೇ ಇಳ್ಕೊಂಡ್ಬಿಡ್ತೀವಿ ನೋಡು!"

"ಬಾಯಿ ಮುಚ್ಕೊಂಡು ಕೂತ್ಕೋ, ಚಿಲ್ಲರೆ ಆಮೇಲೆ ಕೊಡ್ತೀನಿ" ಎಂದು ಮೆಟ್ಟಿಲ ಬುಡದಿಂದಲೇ ಕೂಗುತ್ತಾರೆ ಅಕ್ಕ.

ಎಂಟು ಗಂಟೆಗೆ ಎರಡನೇ ಕೊಳವೆ ಬೋರಲಾಗುತ್ತದೆ. ಹನಿ ಸರಾಗವಾಗಿ ಇಳಿಯುತ್ತದೆ. ವಾಲ್ವು ತಿರುಗುತ್ತದೆ.

ನೀರು ಬಿಟ್ಟ ಮೇಲೆ ನೀರಕ್ಕ ಕಾಫಿಗೆ ಹೋಗುವುದಿಲ್ಲ. ವಾರ್ಡಿನ ಬಾಗಿಲಿಗೆ ಒರಗಿ, ಒಂದು ಗಂಟೆ, ಕಂಬಳಿ ಕಂಬಳಿಯನ್ನೇ ನೋಡುತ್ತಾ ನಿಲ್ಲುತ್ತಾರೆ. ಯಾವುದಾದರೂ ಅಲುಗುತ್ತಿದೆಯೇ? ಐದು ವರ್ಷದಿಂದ ಒಂದು ಸೋಮವಾರವೂ ತಪ್ಪಿಲ್ಲ. ಇವತ್ತು ಯಾವ ಕಂಬಳಿಯೂ ಅಲುಗುವುದಿಲ್ಲ. ಬೈಗುಳ ಮಾತ್ರ ನಿಂತಿಲ್ಲ, ಎಲ್ಲರ ದನಿಗಿಂತ ತಮ್ಮನದೇ ಜೋರು.

ಮಧ್ಯಾಹ್ನ ಕೆಲಸ ಹೋದರೆ ಏನು ಮಾಡುತ್ತೀರಿ ಎಂದು ಕೇಳುತ್ತೇನೆ. "ಮುಂದೆ ಬರೋರಿಗೆ ಆ ಕೊಳವೆ ನೋಡೋದು ಕಲ್ಸೋಕೆ ಒಂದು ವಾರ ಟೈಮ್ ಕೊಡಿ ಅಂತೀನಿ. ಇನ್ನೇನೂ ಕೇಳಲ್ಲ" ಎನ್ನುತ್ತಾರೆ.

ಇಷ್ಟೊಂದು ಬೈಯುತ್ತಿದ್ದಾರಲ್ಲ ಎಂದರೆ, ಕಂಬಳಿಗಳ ಮೇಲಿಂದ ಕಣ್ಣು ತೆಗೆಯದೆ ಹೇಳುತ್ತಾರೆ: "ಬೈಲಿ ಬಿಡಿ. ಬೈಯೋಕೂ ಉಸಿರು ಬೇಕಲ್ಲ. ಇದೆ ಅಂತಾಯ್ತು."