ಬೂದಿ ಕಂಡಲ್ಲಿ ಕೂರುವ ನಾಯಿ

ಮೊಸಿಬುಡಿಗೆ ಅವಳು ಕೆಲಸಕ್ಕಿದ್ದ ಮನೆಯವರು ಒಂದು ತಿಂಗಳ ಸಂಬಳ ಕೊಡಬೇಕು. ಎಪ್ಪತ್ತೊಂದನೇ ಇಸವಿಯ ಮೇ ತಿಂಗಳದ್ದು, ಇಪ್ಪತ್ತೆರಡು ರ‍್ಯಾಂಡ್. ಕೊಡಬೇಕಾದ ಮೇಡಂ ಆಸ್ಟ್ರೇಲಿಯಾ ಸೇರಿದಳಂತೆ. ಮೊಸಿಬುಡಿ ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಸೆಖುಖುನೆ ಸೀಮೆಯ ಅವಳ ಹಳ್ಳಿಗೆ ಮಣ್ಣಿಗೆ ಹೋಗಿ ಬಂದವಳು ಇದನ್ನು ಬರೆಯಲು ಕೂತಿದ್ದೇನೆ.

ನಮ್ಮಿಬ್ಬರಿಗೆ ಪರಿಚಯವಾದದ್ದು ಕಕ್ಕಸಿನ ದೆಸೆಯಿಂದ. ಜೊಹಾನ್ಸ್‌ಬರ್ಗಿನ ಬಿಳಿಯರ ಬಡಾವಣೆಯೊಂದರಲ್ಲಿ ನಾನು ಒಂದು ಮನೆಯ ಹಿತ್ತಲ ಕೋಣೆಯಲ್ಲಿದ್ದೆ, ಅವಳು ಪಕ್ಕದ ಮನೆಯ ಹಿತ್ತಲ ಕೋಣೆಯಲ್ಲಿ. ಇಬ್ಬರೂ ಮನೆಗೆಲಸದವರು. ನಡುವೆ ಒಂದು ಗಿಡದ ಬೇಲಿ. ಅವಳ ಮೇಡಂ ಮನೆಯೊಳಗೆ ಮೂರು ಕಕ್ಕಸುಗಳಿದ್ದವು; ಮೂರನ್ನೂ ದಿನಾ ಬೆಳಿಗ್ಗೆ ಮಂಡಿಯೂರಿ ತಿಕ್ಕುತ್ತಿದ್ದವಳು ಮೊಸಿಬುಡಿ. ಕೆಲಸದವರಿಗೆಂದು ಕಾರಿನ ಶೆಡ್ಡಿನ ಹಿಂದೆ ಒಂದಿತ್ತು. ಅದರ ಕೊಳವೆ ಒಡೆದು ಯಾವ ಕಾಲವಾಗಿತ್ತೋ, ರಿಪೇರಿ ಮಾಡಿಸಿರಲಿಲ್ಲ. ಹೀಗಾಗಿ ಅವಳು ಬೇಲಿಯ ಸಂದಿಯಲ್ಲಿ ನುಸುಳಿ ನಮ್ಮ ಹಿತ್ತಲಿಗೆ ಬರುತ್ತಿದ್ದಳು. ಅಲ್ಲಿ ನಮ್ಮ ಮನೆಯ ತೋಟ ನೋಡಿಕೊಳ್ಳುತ್ತಿದ್ದ ಫಿನಿಯಾಸ್ ಮಾವ ಮೊದಲೇ ಒಳಗೆ ಸೇರಿಕೊಂಡಿರುತ್ತಿದ್ದ.

"ಸೆಸಿ, ಮಾವ ಒಳಗಿದಾನಾ?" ಅಂತ ಕೇಳುವಳು. ನಾನು ದೊಡ್ಡವಳು, ಅದಕ್ಕೆ ಸೆಸಿ, ಅಂದರೆ ಅಕ್ಕ.

"ಹೂಂ. ಪೇಪರ್ ಬೇರೆ ತಗೊಂಡು ಹೋಗಿದಾನೆ."

"ಅವನಿಗೆ ಓದೋಕೆ ಬರಲ್ವಲ್ಲ."

"ಅದಕ್ಕೇ ತಡ. ಒಂದೊಂದ್ ಚಿತ್ರಾನೂ ಬಿಡದೆ ನೋಡ್ತಾನೆ."

ಒಳಗಿನಿಂದ ಕೆಮ್ಮು ಕೇಳುತ್ತಿತ್ತು. "ನಿಮ್ಮಿಬ್ಬರ ಬಾಯಿಗೆ ಹೆದರ್ಕೊಂಡು ಬರೋದೂ ವಾಪಸ್ ಹೋಗ್ತದೆ ಕಣ್ರೇ." ನಾವು ಬೇಲಿ ಪಕ್ಕದ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದೆವು. ತೂತು ಕೊರೆದ ಡಬ್ಬಿಯಲ್ಲಿ ಇದ್ದಲು ಉರಿಸಿ ಮುಸುಕಿನ ಜೋಳದ ಮುದ್ದೆ ಬೇಯಿಸಿಕೊಳ್ಳುತ್ತಿದ್ದದ್ದೂ ಅಲ್ಲೇ. ಆ ಹಾಳು ಹಿತ್ತಲು ನನ್ನ ಕನಸಿನಲ್ಲಿ ಈಗಲೂ ಬರುತ್ತದೆ. ಆ ದೊಡ್ಡ ಮನೆ ಒಂದು ದಿನವೂ ಬಂದಿಲ್ಲ.

ನವೆಂಬರಿನಲ್ಲಿ ಅವಳ ಯಜಮಾನ ಒಂದು ಅಲ್ಸೇಷಿಯನ್ ಮರಿ ತಂದ. ಕಳ್ಳರಿಗೆ, ಅಂದರೆ ನಮ್ಮಂಥವರಿಗೆ, ಬೊಗಳಲಿ ಅಂತ. ಬ್ರಾಂಡಿ ಅಂತ ಹೆಸರಿಟ್ಟರು. ಮೊಸಿಬುಡಿ ಅದನ್ನು ದೊರೆ ಅಂತ ಕರೆದಳು. ದೊರೆ ಬಂದವನೇ ಹಾಲಿನ ಕೆನೆ ಬಣ್ಣದ ಹೊಸ ಕಾರ್ಪೆಟ್ಟಿನ ಮೇಲೆ ಹರಿಸಿದ. ಮಾರನೇ ದಿನ ಊಟದ ಮೇಜಿನ ಕೆಳಗೆ. ಅದರ ಮಾರನೇ ದಿನ ಮೇಡಂ ಚಪ್ಪಲಿಯೊಳಗೆ.

ಮೇಡಂ ಅವಳನ್ನು ಕರೆದಳು. ಮೊಸಿಬುಡಿ ಅನ್ನಲು ನಾಲಿಗೆ ಹೊರಳುವುದಿಲ್ಲ ಅಂತ ಅವಳಿಗೆ ಆನಿ ಅಂತ ಹೆಸರು ಕಟ್ಟಿದ್ದಳು.

"ನೋಡು ಆನಿ, ಈ ಮರಿ ಹೊರಗೆ ಹೋಗೋದು ಕಲೀಬೇಕು. ಕಲಿಸೋದು ನಿನ್ನ ಕೆಲಸ. ಇನ್ನೊಂದ್ ಸಲ ಮನೆಯೊಳಗೆ ಗಲೀಜಾದ್ರೆ ನಿನ್ನ ಪಾಸಿಗೆ ನಾನು ಸಹಿ ಹಾಕಲ್ಲ."

ಆ ಕಾಲದಲ್ಲಿ ತಿಂಗಳಿಗೊಮ್ಮೆ ಯಜಮಾನರ ಸಹಿ ಪಾಸು ಅನ್ನುವ ಪರವಾನಗಿ ಪುಸ್ತಕದಲ್ಲಿ ಬೀಳದಿದ್ದರೆ ಕರಿಯರು ನಗರದಲ್ಲಿ ನಿಲ್ಲುವ ಹಾಗಿರಲಿಲ್ಲ. ಹಿಡಿದರೆ ಜೈಲು, ಆಮೇಲೆ ಊರಿಗೆ ಗಡೀಪಾರು. ಊರಿನಲ್ಲಿ ಅವಳ ಇಬ್ಬರು ಮಕ್ಕಳನ್ನು ಅವಳ ತಾಯಿ ಸಾಕುತ್ತಿದ್ದಳು. ಮಕ್ಕಳ ಹಿಟ್ಟು ಮರಿಯ ಮೂತ್ರಕ್ಕೆ ಗಂಟುಬಿತ್ತು.

ಆ ಸಂಜೆ ಬೇಲಿ ನುಸುಳಿ ಬಂದವಳ ಕಂಕುಳಲ್ಲಿ ದೊರೆ ಇದ್ದ.

"ಏನೇ, ಇವತ್ತು ದರ್ಬಾರು ಎಲ್ಲಾಯ್ತು?" ಅಂದೆ.

"ನಗಬೇಡ ಸೆಸಿ. ಇವನ ಬುಡ ಒಣಗಿದ್ರೆ ನನ್ನ ಹೊಟ್ಟೆ ತುಂಬ್ತದೆ, ಅಲ್ಲಿಗೆ ಬಂದಿದೆ ನನ್ನ ಗತಿ."

"ಮೂತೀನ ಅದರಲ್ಲೇ ತಿಕ್ಕಿ ನಾಲ್ಕು ಬಾರಿಸು," ಅಂದ ಫಿನಿಯಾಸ್ ಮಾವ.

"ಹೊಡೆದ್ರೆ ಮಂಚದ ಕೆಳಗೆ ಹೋಗಿ ಕದ್ದು ಮಾಡ್ತಾನೆ. ನಮ್ಮಮ್ಮ ಒಂದು ನಾಯೀನೂ ಹೊಡೆದೋಳಲ್ಲ. ಬೂದಿ ಕೊಡು."

ನಮ್ಮ ಹಳ್ಳಿಗಳಲ್ಲಿ ಬೆಳಗಾದರೆ ಹೆಂಗಸರು ಅಂಗಳ ಗುಡಿಸಿ, ಒಲೆಯ ಬೂದಿಯನ್ನೆಲ್ಲ ಬಾಚಿ ಹೊರಗಿನ ಗುಡ್ಡೆಗೆ ಸುರಿಯುತ್ತಾರೆ. ಗುಡಿಸಿದ ಅಂಗಳ ಮನುಷ್ಯರದು, ಬೂದಿಗುಡ್ಡೆ ನಾಯಿಗಳದು, ನಡೆಯಲು ಕಲಿಯುವ ಕೂಸುಗಳದು. ಮರಿ ಅಂಗಳದಲ್ಲಿ ಕೊಳಕು ಮಾಡಿದರೆ ಅದನ್ನು ಬೂದಿಯಲ್ಲಿ ಬಳಿದು ಗುಡ್ಡೆಯ ಮೇಲೆ ಹಾಕಬೇಕು, ಮರಿಯನ್ನೂ ಅಲ್ಲಿ ಕೂರಿಸಬೇಕು, ಅದರ ಮೂಗು ಬುದ್ಧಿ ಕಲಿಯುವವರೆಗೆ ಪಕ್ಕದಲ್ಲಿ ನಿಲ್ಲಬೇಕು. ಅಷ್ಟೇ ವಿದ್ಯೆ. ಮೊಸಿಬುಡಿ ನಮ್ಮ ಡಬ್ಬಿ ಒಲೆಯ ಬೂದಿಯನ್ನು ತನ್ನ ಹಿತ್ತಲಿನ ಮೂಲೆಯಲ್ಲಿ, ಪೀಚ್ ಮರದ ಕೆಳಗೆ ಗುಡ್ಡೆ ಹಾಕಿದಳು. ಮರಿ ಎದ್ದ ಕೂಡಲೇ ಅಲ್ಲಿಗೆ, ಹಾಲು ಕುಡಿದ ಕೂಡಲೇ ಅಲ್ಲಿಗೆ. ಮೂಗು ನೆಲಕ್ಕೆ ಹಚ್ಚಿ ಸುತ್ತು ಹಾಕತೊಡಗಿದರೆ ಪಾತ್ರೆಯನ್ನು ಸಿಂಕಿನಲ್ಲೇ ಬಿಟ್ಟು, ಸೋಪಿನ ಕೈಯಲ್ಲೇ ಎತ್ತಿಕೊಂಡು ಓಡುತ್ತಿದ್ದಳು. ಮಳೆಯಲ್ಲೂ ನಿಲ್ಲುತ್ತಿದ್ದಳು, ತಲೆಯ ಮೇಲೆ ಗೋಣಿ ಹೊದ್ದು, ಅದಕ್ಕೆ ಮಾತು ಹೇಳುತ್ತ.

"ಕೂತ್ಕೋ ದೊರೆ. ನೀನೂ ಹೊರಗೆ, ನಾನೂ ಹೊರಗೆ. ನಾಚಿಕೆ ಯಾಕೆ? ನಿನಗಾದ್ರೆ ಕಾಯೋ ಆಳಿದಾಳೆ, ನಾನು ಫಿನಿಯಾಸ್ ಮಾವನ್ನ ಕಾಯ್ಬೇಕು."

ಬೇಲಿಯಾಚೆ ನಾನು ನಕ್ಕು ನಕ್ಕು ಬಟ್ಟೆ ಒಣಗಹಾಕುವುದನ್ನು ಮರೆಯುತ್ತಿದ್ದೆ.

ಕ್ರಿಸ್‌ಮಸ್ ಹೊತ್ತಿಗೆ ದೊರೆ ತಾನೇ ಬಾಗಿಲು ಕೆರೆದು ಹೊರಗೆ ಹೋಗುವುದನ್ನು ಕಲಿತ. ಬೂದಿಯ ಮೇಲೆ ಕೂತು ಮುಗಿಸಿ, ಹಿಂಗಾಲಿನಲ್ಲಿ ಬೂದಿ ಎರಚಿ ಮುಚ್ಚಿ, ಎದೆ ಉಬ್ಬಿಸಿಕೊಂಡು ಬರುತ್ತಿದ್ದ. ಮೇಡಂ ಗೆಳತಿಯರಿಗೆಲ್ಲ ಹೇಳಿದಳು, ಒಳ್ಳೇ ತಳಿ, ಅದಕ್ಕೇ ಬುದ್ಧಿವಂತ ಅಂತ. ತಿಂಗಳು ತಿಂಗಳೂ ಸಹಿ ಬಿತ್ತು. ಮೊಸಿಬುಡಿ ಮಕ್ಕಳಿಗೆ ಶಾಲೆಯ ಬೂಟು ಕಳಿಸಿದಳು.

ಮೇ ಕೊನೆಗೆ ನಮ್ಮ ಕಡೆಯ ಚಳಿಗಾಲ ಬಂತು. ಯಜಮಾನ ನಡುಮನೆಯಲ್ಲಿದ್ದ, ಚಳಿ ಕಾಯಿಸುವ ಗೋಡೆಯೊಲೆಯಲ್ಲಿ ಆ ವರ್ಷದ ಮೊದಲ ಸೌದೆ ಉರಿಸಿದ. ಬೆಳಿಗ್ಗೆ ಅದರ ಬೂದಿ ತೆಗೆಯುವುದು ಮೊಸಿಬುಡಿಯ ಕೆಲಸವೇ. ಆದರೆ ಅವತ್ತು ಯಜಮಾನನ ಮೇಲಧಿಕಾರಿಯ ಹೆಂಡತಿ ನಾಲ್ಕಾರು ಹೆಂಗಸರ ಜೊತೆ ಚಹಾಕ್ಕೆ ಬರುವವಳಿದ್ದಳು. ಬೆಳ್ಳಿ ಚಮಚ ತಿಕ್ಕು, ಕೇಕ್ ಮಾಡು, ಬೂದಿ ಆಮೇಲಾಗಲಿ ಅಂತ ಮೇಡಂ ಗೋಡೆಯೊಲೆಗೆ ಒಂದು ಹಿತ್ತಾಳೆ ತಗಡು ಅಡ್ಡ ಒರಗಿಸಿದಳು. ಮೊಸಿಬುಡಿಗೂ ಏನೂ ಹೊಳೆಯಲಿಲ್ಲ. ಬೂದಿ ಅಂದರೆ ಮನೆಯಾಚೆಯದು, ನಮ್ಮ ಯಾರ ತಲೆಗೂ ಹೊಳೆಯುತ್ತಿರಲಿಲ್ಲ.

ಚಳಿಗೆ ಬಾಗಿಲು ಮುಚ್ಚಿತ್ತು. ಅವಳು ಅಡುಗೆಮನೆಯಲ್ಲಿದ್ದಳು. ದೊರೆ ನಡುಮನೆಯ ಬಾಗಿಲು ಕೆರೆದನಂತೆ. ಮೇಡಂ ಮಾತಿನ ಭರದಲ್ಲಿ ಕೇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ಅವನ ಮೂಗಿಗೆ ಬೂದಿ ಬಡಿಯಿತು. ಅಡ್ಡ ಇಟ್ಟ ತಗಡನ್ನು ತಲೆಯಿಂದ ದೂಡಿ ಗೋಡೆಯೊಲೆಗೆ ಹತ್ತಿ, ಅತಿಥಿಗಳ ಕಡೆ ಗಂಭೀರವಾಗಿ ಮುಖಮಾಡಿ ಕೂತ. ಮುಗಿಸಿ, ಕಲಿತ ಪಾಠದ ಪ್ರಕಾರ ತಿರುಗಿ ನಿಂತು ಹಿಂಗಾಲಿನಲ್ಲಿ ಬೂದಿ ಎರಚಿದ. ಕೇಕಿಗೆ ಬಿತ್ತು, ಚಹಾಕ್ಕೆ ಬಿತ್ತು, ಮೇಲಧಿಕಾರಿಯ ಹೆಂಡತಿಯ ರೇಷ್ಮೆ ಲಂಗಕ್ಕೂ ಬಿತ್ತು. ಬರೀ ಬೂದಿ ಬಿದ್ದಿದ್ದರೆ ಪರವಾಗಿರಲಿಲ್ಲ.

"ಇದನ್ನ ಯಾರು ಕಲಿಸಿದ್ದು?" ಮೇಡಂ ಅಡುಗೆಮನೆಗೆ ಬಂದು ಕೇಳಿದಳು.

"ನಾನೇ ಮೇಡಂ."

"ನಮ್ಮ ನಾಯಿಗೆ ನಿಮ್ಮ ಕೇರಿ ಚಾಳಿ ಕಲಿಸ್ತೀಯಾ?"

"ಹೊರಗೆ ಹೋಗೋದು ಕಲಿಸು ಅಂದ್ರಿ, ಕಲಿಸಿದೆ. ಅವನು ಬಾಗಿಲು ಕೆರೆದಿದಾನೆ, ಬಾಗಿಲ ಮೇಲೆ ಗುರುತಿದೆ ನೋಡಿ. ನೀವು ತೆಗೀಲಿಲ್ಲ."

ಆ ಮಾತೇ ಅವಳನ್ನು ಮುಳುಗಿಸಿತು. ತಪ್ಪಾಯ್ತು ಅಂದಿದ್ದರೆ ಉಳಿಯುತ್ತಿದ್ದಳೋ ಏನೋ. ಮೇಡಂ ಪಾಸು ತರಿಸಿ ಕೆಲಸದಿಂದ ತೆಗೆದಿದೆ ಅಂತ ಬರೆದಳು. ಮೂರು ದಿನದೊಳಗೆ ನಗರ ಬಿಡಬೇಕು. ಸಂಬಳ ಕಾರ್ಪೆಟ್ ತೊಳೆಸಲಿಕ್ಕೆ ಸರಿಹೋಯಿತಂತೆ.

ಗುರುವಾರ ಮಧ್ಯಾಹ್ನ ನಮಗೆಲ್ಲ ಬಿಡುವು, ಪ್ರಾರ್ಥನೆಯ ದಿನ. ಬೀದಿಯ ಮನೆಗೆಲಸದ ಹೆಂಗಸರೆಲ್ಲ ಚರ್ಚಿನ ಕೆಂಪು ಕುಪ್ಪಸ, ಬಿಳಿ ಟೋಪಿಯಲ್ಲಿ ಹೋಗಿ ಆ ಗೇಟಿನ ಮುಂದೆ ನಿಂತೆವು. ಸಂಬಳ ಕೊಡಿ, ಪಾಸಿನ ಮೇಲೆ ಬರೆದದ್ದು ಹೊಡೆದುಹಾಕಿ ಅಂದೆವು. ಪೊಲೀಸರನ್ನು ಕರೆಯುತ್ತೇನೆ ಅಂದಳು ಮೇಡಂ. ಅಷ್ಟೂ ಜನರ ಪಾಸಿಗೂ ಪೊಲೀಸರ ಕಣ್ಣು ತಾಗುವುದು ಬೇಡ ಅಂತ ಮೊಸಿಬುಡಿಯೇ ನಮ್ಮನ್ನು ಅಲ್ಲಿಂದ ಹೊರಡಿಸಿದಳು. ಹಾಡುತ್ತ ಅವಳನ್ನು ಬಸ್ಸಿನವರೆಗೆ ಕರೆದೊಯ್ದೆವು. ಅವಳ ಟ್ರಂಕು ಫಿನಿಯಾಸ್ ಮಾವನ ತಲೆಯ ಮೇಲಿತ್ತು.

"ಇನ್ಮೇಲೆ ಕಾಯೋರಿಲ್ಲ ಮಾವ," ಅಂದಳು ಕಿಟಕಿಯಿಂದ. "ನಿಧಾನವಾಗಿ ನೋಡ್ಕೊ ನಿನ್ ಚಿತ್ರ."

ಮಾವ ಟ್ರಂಕನ್ನು ಬಸ್ಸಿನ ಮೇಲಕ್ಕೆ ಎತ್ತಿಕೊಟ್ಟ. ಮೂಗು ಒರೆಸಿಕೊಂಡ.

ಅವಳಿಗೆ ಮತ್ತೆ ನಗರಕ್ಕೆ ಬರಲಾಗಲಿಲ್ಲ. ಬಿಳಿಯರ ಹೊಲಗಳಲ್ಲಿ ಆಲೂಗಡ್ಡೆ ಅಗೆದು ಮಕ್ಕಳನ್ನು ಸಾಕಿದಳು. ಪೀಚ್ ಮರದ ಕೆಳಗಿನ ಗುಡ್ಡೆಯನ್ನು ಮೇಡಂ ತೆಗೆಸಿ ಹುಲ್ಲು ಹಾಕಿಸಿದಳು. ದೊರೆ ಬೇಲಿಯ ಸಂದಿಯಲ್ಲಿ ನುಸುಳಿ ನಮ್ಮ ಬೂದಿಗೆ ಬರತೊಡಗಿದ. ನಮಗೆ ಬೊಗಳಲಿ ಅಂತ ತಂದ ನಾಯಿ, ನಮ್ಮ ಕಕ್ಕಸಿನ ಪಕ್ಕದಲ್ಲೇ ಮುದಿಯಾಯಿತು.

ಆಮೇಲೆ ನಾವು ಸಂಘ ಕಟ್ಟಿದೆವು. ಸೆರೆಯಾಯಿತು, ಬಿಡುಗಡೆಯಾಯಿತು, ಪಾಸುಗಳನ್ನು ಸುಟ್ಟೆವು, ಸರ್ಕಾರ ಬದಲಾಯಿತು. ಸಂಘಕ್ಕೆ ಹೊಸದಾಗಿ ಬರುವ ಮನೆಗೆಲಸದ ಹುಡುಗಿಯರನ್ನು ನಾನು ಮೊದಲು ಕೇಳುವುದು ಒಂದೇ: ಆ ಮನೆಯಲ್ಲಿ ನೀನು ಎಲ್ಲಿಗೆ ಹೋಗ್ತೀಯಮ್ಮ? ಇವತ್ತಿಗೂ ಅರ್ಧದಷ್ಟು ಜನ ತಲೆ ತಗ್ಗಿಸುತ್ತಾರೆ. ಪೆಟ್ರೋಲ್ ಬಂಕಿಗೆ ಅನ್ನುತ್ತಾರೆ, ಸಂಜೆ ಮನೆಗೆ ಹೋಗುವವರೆಗೆ ತಡೆದುಕೊಳ್ಳುತ್ತೇನೆ ಅನ್ನುತ್ತಾರೆ, ನೀರು ಕುಡಿಯುವುದೇ ಇಲ್ಲ ಅನ್ನುತ್ತಾರೆ.

ಇದನ್ನು ಓದುತ್ತಿರುವ ನಿಮ್ಮ ಮನೆಗೂ ಒಬ್ಬಳು ಬರುತ್ತಾಳೆ. ನಿಮ್ಮ ಕಕ್ಕಸು ತಿಕ್ಕುತ್ತಾಳೆ. ಅದರ ಬಾಗಿಲು ಅವಳಿಗೆ ತೆಗೆಯಿರಿ. ಯೋಚನೆ ಮಾಡಿ ನಾಳೆ ಹೇಳುತ್ತೇನೆ ಅನ್ನಬೇಡಿ. ಇವತ್ತು ಅವಳು ಬಂದಾಗ, ಅವಳು ಕೇಳುವ ಮೊದಲೇ, ಬಾಯಿಬಿಟ್ಟು ಹೇಳಿ.