ಹೂವಿನ ಜೊತೆಗೇ ಹಣ್ಣು

ಬಾಳೂರಿನ ಕಾಫಿ ತೋಟವೊಂದರಲ್ಲಿ ನಾನು ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಪಕ್ಕದ ಕೂಲಿಯವರ ಲೈನ್ ಮನೆಯಲ್ಲಿ ಕಾಫಿ ಕೊಯ್ಯುವ ಹೆಂಗಸೊಬ್ಬರಿದ್ದರು. ಸಂಜೆ ಬಂದು ಕೂತರೆ, ಕಡಿದು ಬಿಸಾಕಿದ ಕಾಫಿ ರೆಂಬೆಗೆ ಹಳೆಯ ಲಗ್ನಪತ್ರಿಕೆಗಳಿಂದ ಕತ್ತರಿಸಿದ ಬಿಳಿ ಹೂಗಳನ್ನೂ ಕೆಂಪು ಬಣ್ಣ ಹಚ್ಚಿದ ಕಾಗದದ ಉಂಡೆಗಳನ್ನೂ ಮೈದಾ ಅಂಟಿನಿಂದ ಅಂಟಿಸುತ್ತಿದ್ದರು. ಯಾರೇನು ಹೇಳಿದರೂ ಒಂದೇ ಮಾತು: "ನಂಗೆ ಹೀಗೇ ಬೇಕು ಮಾರಾಯ."

ಒಂದು ದಿನ ತೋಟದ ಸಾಹುಕಾರರು ಆ ರೆಂಬೆಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿದರು. "ಚೆನ್ನಾಗಿದೆ, ನಮ್ಮ ಹೋಂಸ್ಟೇನಲ್ಲಿ ಇಡ್ತೀನಿ. ಆದ್ರೆ ಕಾಫಿ ಹೂ ಬಿಟ್ಟಾಗ ಹಣ್ಣೆಲ್ಲಿರುತ್ತೆ? ಹಣ್ಣೆಲ್ಲ ಕಿತ್ತು ಕೊಡು."

ಆ ಹೆಂಗಸು ರೆಂಬೆಯನ್ನು ವಾಪಸ್ ಇಸಿದುಕೊಂಡರು.

"ಇಷ್ಟು ವರ್ಷ ನಿಮ್ಮ ಗಿಡದ ಹಣ್ಣು ಕಿತ್ತು ಕೊಟ್ಟಿದ್ದೀನಿ ಸಾವ್ಕಾರ್ರೇ. ಇದರದ್ದು ಕೀಳಲ್ಲ."

ಸಾಹುಕಾರರು ನೋಡುತ್ತಿದ್ದಂತೆಯೇ ಆಕೆ ಇನ್ನೊಂದು ಕೆಂಪು ಉಂಡೆಗೆ ಅಂಟು ಹಚ್ಚಿದರು.