ಸ್ವಿಚ್ ಬೋರ್ಡಿನ ಪಕ್ಕದ ಊರು

ಲಕ್ಷ್ಮೇಶ್ವರದ ಪೇಂಟರ್ ಲಾಡಸಾಬ ನದಾಫನ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಅವನ ಕುಂಚದಿಂದ ಆದ ತಪ್ಪನ್ನು ಸರಕಾರಿ ಕಾಗದಕ್ಕೆ ಇಳಿಸಿದವನು ನಾನೇ. ಆದರೆ ಬೇರೆ ಯಾರೂ ಬರೆಯುವುದಿಲ್ಲ ಎಂಬುದೂ ನನಗೆ ಗೊತ್ತು. ಗದಗ ಜಿಲ್ಲೆ ಆದಾಗಿನಿಂದ ಎಷ್ಟೋ ಸ್ಮರಣ ಸಂಚಿಕೆಗಳು ಬಂದವು. ಹಾರ ಹಾಕಿಸಿಕೊಂಡವರ, ರಿಬ್ಬನ್ ಕತ್ತರಿಸಿದವರ, ಅವರ ಹಿಂದಿನಿಂದ ಇಣುಕಿದವರ ಫೋಟೋಗಳೆಲ್ಲ ಅಚ್ಚಾದವು. ಏಣಿ ಹತ್ತಿ ಹೊಸ ಜಿಲ್ಲೆಯನ್ನು ಗೋಡೆಯ ಮೇಲೆ ಬರೆದವನ ಹೆಸರು ಒಂದರಲ್ಲೂ ಇಲ್ಲ.

1997ರ ಆಗಸ್ಟಿನಲ್ಲಿ ಧಾರವಾಡ ಜಿಲ್ಲೆ ಮೂರು ಹೋಳಾಯಿತು. ನನ್ನ ಹೆಸರು ದೇವೇಂದ್ರಪ್ಪ. ಆಗ ಧಾರವಾಡದಲ್ಲಿ ಗುಮಾಸ್ತನಾಗಿದ್ದೆ. ಗದಗಿಗೆ ಹೋಗಿ ಹಾಜರಾಗೆಂದು ಆದೇಶ ಬಂತು. ಇಲಾಖೆ ಯಾವುದೆಂದು ಹೇಳುವುದಿಲ್ಲ, ತಿಂಗಳು ತಿಂಗಳು ಪಿಂಚಣಿ ಬರುತ್ತಿದೆ. ಬೆಟಗೇರಿಯಲ್ಲಿ ಸೀರೆ ವ್ಯಾಪಾರಿಯೊಬ್ಬನ ಮನೆಯನ್ನು ಬಾಡಿಗೆಗೆ ಹಿಡಿದು ಜಿಲ್ಲಾ ಕಚೇರಿ ಎಂದು ಬೋರ್ಡು ಹಾಕಿದ್ದರು. ದೇವರ ಕೋಣೆಯಲ್ಲಿ ಸಾಹೇಬರು ಕೂಡುತ್ತಿದ್ದರು, ಅಡುಗೆಮನೆ ದಾಖಲೆ ಕೋಣೆಯಾಗಿತ್ತು. ಅದರಲ್ಲಿ ದಾಖಲೆ ಮಾತ್ರ ಇರಲಿಲ್ಲ. ಊರುಗಳ ಪಟ್ಟಿ, ಸರ್ವೆ ನಕಾಶೆ ಎಲ್ಲ ಗಂಟು ಕಟ್ಟಿದ ಹಾಗೆಯೇ ಧಾರವಾಡದಲ್ಲಿ ಬಿದ್ದಿದ್ದವು. ಕಳಿಸಿರಿ ಎಂದು ಬರೆದರೆ, ಏನೇನು ಬೇಕೆಂದು ಪಟ್ಟಿ ಮಾಡಿ ಕಳಿಸಿರಿ ಎಂದು ಉತ್ತರ ಬರುತ್ತಿತ್ತು. ಪಟ್ಟಿ ಮಾಡಲು ಅದೇ ದಾಖಲೆ ಬೇಕಾಗಿತ್ತು.

ಇಂಥ ಕಚೇರಿಯನ್ನು ಉದ್ಘಾಟಿಸಲು ಮಂತ್ರಿಯೊಬ್ಬರು ಬರುತ್ತಾರೆಂದು ಸುದ್ದಿ ಬಂತು. ಸಾಹೇಬರು ಮೈಸೂರು ಕಡೆಯವರು, ಅಚ್ಚುಕಟ್ಟಿನ ಮನುಷ್ಯ. ನಡುಮನೆಯ ಬರಿಗೋಡೆ ನೋಡಿ ಗಾಬರಿಯಾದರು. ಎಂಟು ದಿನದಲ್ಲಿ ಅದರ ಮೇಲೆ ಜಿಲ್ಲೆಯ ನಕಾಶೆ ಬರಬೇಕು, ಪಕ್ಕದಲ್ಲಿ ಇತಿಹಾಸ, ಭೂಗೋಳ, ಜನಸಂಖ್ಯೆ, ಆಡಳಿತ ಎಲ್ಲ ಇರಬೇಕು ಎಂದರು. ಜವಾನ ನೀಲಪ್ಪ ಲಕ್ಷ್ಮೇಶ್ವರದವನು. ಮರುದಿನವೇ ತನ್ನೂರಿನ ಲಾಡಸಾಬನನ್ನು ಏಣಿ, ಬಣ್ಣದ ಡಬ್ಬಿಗಳ ಸಮೇತ ಕರೆದುಕೊಂಡು ಬಂದ.

ಲಾಡಸಾಬನಿಗೆ ಆಗ ನಲವತ್ತರ ಆಸುಪಾಸು. ಅಪ್ಪ ಮಹಬೂಬಸಾಬ ಅರಳೆ ಹಿಂಜಿ ಗಾದಿ ಹೊಲಿಯುತ್ತಿದ್ದ. ತಾಯಿ ಇವನನ್ನು ಹೆತ್ತ ವರ್ಷವೇ ತೀರಿಹೋದಳು. ಎತ್ತಿ ಆಡಿಸಿ ಸಾಕಿದವಳು ಅಕ್ಕ ಅಲ್ಮಾಸಬಿ. ಆಗ ಅವಳಿಗೇ ಹನ್ನೊಂದು ವರ್ಷ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಲಾಡಸಾಬ ಬಜಾರದ ಬೋರ್ಡುಗಳನ್ನು ನೋಡಿ ಬಂದು ಮನೆಯ ಗೋಡೆ ತುಂಬ ಇದ್ದಿಲಿನಿಂದ ಅಕ್ಷರ ಬರೆಯುತ್ತಿದ್ದ. ಅಪ್ಪ ಹೊಡೆಯಲು ಬಂದರೆ ಅಕ್ಕ ಅಡ್ಡ ನಿಲ್ಲುತ್ತಿದ್ದಳು. ಆಮೇಲೆ ಗೋಡೆ ಸಾರಿಸಿ, "ಅಳಿಸೇನಿ, ನಾಳೆ ಮತ್ತ ಬರಿ" ಎನ್ನುತ್ತಿದ್ದಳಂತೆ. ಲಾರಿಯ ಹಿಂಬದಿ, ಗೊಬ್ಬರದ ಜಾಹೀರಾತು, ಚುನಾವಣೆಯ ಗೋಡೆ ಎಂದು ಕೈ ಪಳಗಿತು. ಜಗಳವಾಡುವ ಎರಡು ಪಾರ್ಟಿಗಳ ಗುರುತನ್ನು ಒಂದೇ ಗೋಡೆಯ ಮೇಲೆ ಬರೆದು ಇಬ್ಬರಿಂದಲೂ ಬೈಸಿಕೊಂಡವನು. ಅಕ್ಷರ ಮಾತ್ರ ಮುತ್ತಿನಂಥವು.

ಅಲ್ಮಾಸಬಿಯನ್ನು ಬನ್ನಿಗುಂಡಿಗೆ ಕೊಟ್ಟಿದ್ದರು. ಕಪ್ಪತಗುಡ್ಡದ ಬುಡದಲ್ಲಿ, ಶಿರಹಟ್ಟಿ ತಾಲೂಕಿನ ಕಟ್ಟಕಡೆಗೆ ಇರುವ ನೂರು ಮನೆಯ ಊರು ಅದು. ಅಲ್ಲಿಂದ ನಾಲ್ಕು ಹೊಲ ದಾಟಿದರೆ ಮುಂಡರಗಿ ತಾಲೂಕು. ಗಂಡ ಅತಾವುಲ್ಲಾ ಹಾವು ಕಚ್ಚಿ ಸತ್ತ, ಮಕ್ಕಳಿಲ್ಲ. ಮಣ್ಣಿನ ಮಾಳಿಗೆಯ ಮನೆ, ಒಂದು ಗೋಡೆ ಹೊಟ್ಟೆ ಬಿಟ್ಟುಕೊಂಡು ನಿಂತಿತ್ತು. ನಮ್ಮಲ್ಲಿಗೆ ಬಾ ಎಂದು ತಮ್ಮ ಎಷ್ಟು ಕರೆದರೂ ಅವಳದು ಒಂದೇ ಮಾತು: "ನಿನ್ನ ಹೇಣ್ತಿ ಒಲಿ ಮುಂದ ನಾ ಯಾಕ ಕುಂಡ್ರಲಿ? ನನ್ನ ಮನಿ ನನಗಿರ್ಲಿ." ಹೊಸ ಗೋಡೆಯ ಒಂದು ಮನೆಯಾದರೆ ಸಾಕಿತ್ತು ಅವಳಿಗೆ. ಅವಳು ಜೀವಮಾನದಲ್ಲಿ ಸರಕಾರವನ್ನು ಕೇಳಿದ್ದು ಅದೊಂದೇ.

ಲಾಡಸಾಬ ಗೋಡೆಗೆ ಸುಣ್ಣ ಬಳಿದು, ಸುಣ್ಣ ಒಣಗಿದ ಮೇಲೆ ಬಣ್ಣದ ಪುಡಿ ಸವರಿದ ದಾರ ಹಿಡಿದು ಚೌಕುಳಿ ಹಾಕಿದ. ಸಾಹೇಬರು ಬರೆದುಕೊಟ್ಟ ಇತಿಹಾಸ ಎರಡು ಹಾಳೆ ಇತ್ತು. ಲಕ್ಷ್ಮೇಶ್ವರ ಮಿರಜ ಸಂಸ್ಥಾನಕ್ಕೆ, ಶಿರಹಟ್ಟಿ ಸಾಂಗಲಿ ಸಂಸ್ಥಾನಕ್ಕೆ, ಗದಗ ಮುಂಬೈ ಸರಕಾರಕ್ಕೆ ಸೇರಿದ್ದವು ಎಂಬ ಸಾಲು ಬರೆಯುವಾಗ ಏಣಿಯ ಮೇಲಿಂದಲೇ ನಕ್ಕ.

"ನಮ್ಮ ಅಜ್ಜ ಗಾದಿ ಹೊತಗೊಂಡು ಶಿರಹಟ್ಟಿಗೆ ಹೊಂಟ್ರ ಸುಂಕದ ನಾಕಾದಾಗ ನಿಂದ್ರಸ್ತಿದ್ರಂತ್ರೀ. ಈ ಕಡೆ ಒಬ್ಬ ರಾಜಾ, ಆ ಕಡೆ ಒಬ್ಬ ರಾಜಾ, ನಡುವ ನಮ್ಮಜ್ಜ ಮತ್ತ ಅವನ ಗಾದಿ. ಇಬ್ರೂ ಗಾದಿ ಬಿಚ್ಚಿ ನೋಡವ್ರು, ಹೊಲದು ಕೊಡವ್ರು ಯಾರೂ ಇಲ್ಲ."

ನಕಾಶೆ ಮುಂಡರಗಿ ಹತ್ತಿರ ಬರುವಷ್ಟರಲ್ಲಿ ತೊಡಕು ಎದ್ದಿತು. ಶಿರಹಟ್ಟಿ ಮತ್ತು ಮುಂಡರಗಿ ತಾಲೂಕುಗಳ ಗಡಿ ಇಳಿಯಬೇಕಾದ ಜಾಗದಲ್ಲೇ ಫ್ಯಾನಿನ ಸ್ವಿಚ್ ಬೋರ್ಡ್ ಇತ್ತು. ಸರಿಸಲು ಮನೆಯ ಮಾಲೀಕ ಒಪ್ಪಲಿಲ್ಲ. ಬೋರ್ಡಿನ ಮೇಲೆ ಬಣ್ಣ ಬೀಳಕೂಡದು, ಮಂತ್ರಿಗಳ ಕಣ್ಣಿಗೆ ಅಸಹ್ಯವಾಗಿ ಕಾಣುತ್ತದೆ ಎಂದು ಸಾಹೇಬರು ಹೇಳಿದರು. ಲಾಡಸಾಬ ಗೆರೆಯನ್ನು ಬೋರ್ಡಿನ ಎಡಕ್ಕೆ ಬಳಸಿ ಕೆಳಗಿಳಿಸಿದ. ಶಿರಹಟ್ಟಿಗೆ ಹಸಿರು ಬಳಿದ, ಮುಂಡರಗಿಗೆ ಹಳದಿ. ಶಿರಹಟ್ಟಿಯ ಎರಡಿಂಚು ನೆಲ ಮುಂಡರಗಿಗೆ ಹೋಯಿತು, ಯಾರೂ ಗಮನಿಸಲಿಲ್ಲ.

ಕೊನೆಯ ದಿನ ಊರುಗಳಿಗೆ ಚುಕ್ಕೆ ಇಡುತ್ತಿದ್ದ. ಹುಲಕೋಟಿ, ಕಣಗಿನಹಾಳ, ಡೋಣಿಯಂಥ ಹೆಸರಾದ ಊರುಗಳಷ್ಟೇ ಸಾಕು ಎಂದು ಸಾಹೇಬರ ಅಪ್ಪಣೆಯಾಗಿತ್ತು. ನಾನು ಊಟ ಮುಗಿಸಿ ಬಂದು ನೋಡಿದರೆ ಸ್ವಿಚ್ ಬೋರ್ಡಿನ ಬಲಗಡೆ, ಹಳದಿಯಲ್ಲಿ, ಸಣ್ಣಗೆ ಬನ್ನಿಗುಂಡಿ ಎಂದು ಬರೆದಿತ್ತು.

"ಇದ್ಯಾವ ಊರೋ ಲಾಡಸಾಬ? ಪಟ್ಟಿಯೊಳಗ ಇಲ್ಲಲ್ಲ!"

"ನಮ್ಮಕ್ಕ ಇರೂ ಊರ್ರೀ," ಎಂದು ನಾಚಿಕೊಂಡ. "ಖರೆ ಅಂದ್ರ ಅದು ಬೋರ್ಡಿನ ಬುಡಕ ಬರತೈತಿ. ಎಡಕ್ಕ ಶಿರಹಟ್ಟಿ ಅಂತ ದಪ್ಪ ಅಕ್ಷರ ಬರದೇನಿ, ಜಾಗ ಇಲ್ಲ. ಅದಕ್ಕ ಬಾಜೂಕ ಇಟ್ಟೆ. ಇರ್ಲಿ ಬಿಡ್ರಿ ಸಾಹೇಬ್ರ, ನಮ್ಮಕ್ಕನ ಊರು ಎಲ್ಲೆರೆ ಒಂದ ಕಡೆ ಕಾಣ್ಲಿ."

ನಾನು ನಕ್ಕು ಸುಮ್ಮನಾದೆ. ಆ ಚುಕ್ಕೆ ಅಲ್ಲಿ ಇರದೇ ಹೋಗಿದ್ದರೆ ಮುಂದಿನದು ಯಾವುದೂ ಆಗುತ್ತಿರಲಿಲ್ಲ. ಊರು ಕಾಣದಿದ್ದರೆ ನಾನು ಯಾರನ್ನಾದರೂ ಕೇಳುತ್ತಿದ್ದೆ.

ಮಂತ್ರಿಗಳು ಬಂದರು, ನಕಾಶೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡರು, ಸಾಹೇಬರ ಬೆನ್ನು ತಟ್ಟಿ ಹೋದರು. ಲಾಡಸಾಬ ಆ ಹೊತ್ತಿನಲ್ಲಿ ಹಿತ್ತಲಲ್ಲಿ ಕುಂಚ ತೊಳೆಯುತ್ತಿದ್ದ. ಮೂಲೆಯಲ್ಲಿ ತನ್ನ ಹೆಸರು ಬರೆಯಲೇ ಎಂದು ಕೇಳಿದ್ದನಂತೆ, ಸಾಹೇಬರು ಬೇಡವೆಂದಿದ್ದರು.

ಧಾರವಾಡದ ದಾಖಲೆ ಬರಲೇ ಇಲ್ಲ. ದಿನ ಕಳೆದಂತೆ ಗೋಡೆಯೇ ನಮ್ಮ ದಾಖಲೆಯಾಯಿತು. ಯಾವ ಊರು ಯಾವ ತಾಲೂಕು ಎಂಬ ಪ್ರಶ್ನೆ ಬಂದರೆ ಒಬ್ಬರಿಗೊಬ್ಬರು "ಗ್ವಾಡಿ ನೋಡ್ರಿ" ಎನ್ನುತ್ತಿದ್ದೆವು. ಮರುವರ್ಷ ವಿಧವೆಯರಿಗೆ ಮನೆ ಕೊಡುವ ಯೋಜನೆಯೊಂದಕ್ಕೆ ಅರ್ಜಿ ಕರೆದರು. ಬನ್ನಿಗುಂಡಿಯಿಂದಲೂ ಒಂದು ಬಂತು. ಅಲ್ಮಾಸಬಿಗೆ ಓದು ಬರಹ ಬಾರದು. ನೆರೆಮನೆಯ ಹುಲಗಪ್ಪ ಬರೆದುಕೊಟ್ಟಿದ್ದ. ಹೊಸ ಜಿಲ್ಲೆಯ ಹುಮ್ಮಸ್ಸಿನಲ್ಲಿ "ಜಿಲ್ಲಾ ಗದಗ" ಎಂದು ದೊಡ್ಡದಾಗಿ ಬರೆದು ತಾಲೂಕಿನ ಹೆಸರನ್ನೇ ಮರೆತಿದ್ದ. ಅವತ್ತು ನನ್ನ ಮೇಜಿನ ಮೇಲೆ ಇನ್ನೂರು ಅರ್ಜಿಗಳಿದ್ದವು. ಕತ್ತೆತ್ತಿ ಗೋಡೆ ನೋಡಿದೆ. ಹಳದಿ. ಕೆಂಪು ಶಾಯಿಯಲ್ಲಿ "ತಾ. ಮುಂಡರಗಿ" ಎಂದು ಬರೆದು ಆ ತಾಲೂಕಿನ ಅರ್ಜಿಗಳ ಕಟ್ಟಿನೊಳಗೆ ಹಾಕಿದೆ. ಲಾಡಸಾಬ, ಅವನ ಅಕ್ಕ, ನನ್ನ ನಗು ಯಾವುದೂ ಆಗ ನೆನಪಾಗಲಿಲ್ಲ. ಎರಡು ನಿಮಿಷದ ಕೆಲಸ ಕೂಡ ಅಲ್ಲ ಅದು.

ಎಂಟು ತಿಂಗಳ ನಂತರ ಅರ್ಜಿ ಮುಂಡರಗಿಯಿಂದ ಮರಳಿತು: ಈ ಊರು ನಮ್ಮದಲ್ಲ. ಶಿರಹಟ್ಟಿಗೆ ಕಳಿಸಿದರೆ ಅಲ್ಲಿಯ ಆ ವರ್ಷದ ಯಾದಿ ಮುಗಿದಿತ್ತು. ಅದರ ಮುಂದಿನ ವರ್ಷ ಅವರು ಇನ್ನೊಂದು ತಕರಾರು ತೆಗೆದರು. ಜಿಲ್ಲಾ ಕಚೇರಿಯೇ ಕೆಂಪು ಶಾಯಿಯಲ್ಲಿ ಮುಂಡರಗಿ ಎಂದು ಬರೆದಿರುವಾಗ ನಾವು ಹೇಗೆ ನಮ್ಮದೆನ್ನುವುದು ಎಂದರು. ಜನಗಣತಿಯ ಪ್ರಕಾರ ಎಂಟೂವರೆ ಲಕ್ಷ ಜನರಿದ್ದ ಜಿಲ್ಲೆಯಲ್ಲಿ ಒಬ್ಬ ಹೆಂಗಸು ಯಾರಿಗೂ ಬೇಡವಾದಳು.

ಒಂದು ದಿನ ಅಲ್ಮಾಸಬಿ ತಾನೇ ಎರಡು ಬಸ್ಸು ಬದಲಿಸಿ ಬೆಟಗೇರಿಗೆ ಬಂದಳು. ಜೊತೆಗೆ ಲಾಡಸಾಬ. ಅಕ್ಕನಿಗೆ ಈ ನಕಾಶೆ ತನ್ನದೆಂದು ಅವನು ಹೇಳಿರಲಿಲ್ಲ. ಅರ್ಜಿ ಯಾಕೆ ಅಲೆಯುತ್ತಿದೆಯೆಂದು ಅವನಿಗೂ ಗೊತ್ತಿರಲಿಲ್ಲ. ನಾನು ಫೈಲು ತೆಗೆದು ನೋಡಿ, ಗೋಡೆ ನೋಡಿ, ಆಗ ತಿಳಿದುಕೊಂಡೆ. ನಕಾಶೆಯಲ್ಲಿ ನಿಮ್ಮೂರು ಮುಂಡರಗಿಗೆ ಬಿದ್ದಿದೆ, ಅದನ್ನು ನೋಡಿ ಅರ್ಜಿಯ ಮೇಲೂ ಹಾಗೇ ಬರೆದಿದ್ದಾರೆ ಎಂದು ಮೆಲ್ಲಗೆ ಹೇಳಿದೆ. ಅವಳು ಎದ್ದು ಗೋಡೆಯ ಹತ್ತಿರ ಹೋದಳು.

"ಎಲ್ಲೈತ್ರೀ ನಮ್ಮೂರು?"

ನಾನು ತೋರಿಸಿದೆ. ಬೆರಳಿನಿಂದ ಆ ಚುಕ್ಕೆಯನ್ನು ಸವರಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಹೇಳಿದಳು: "ಇದನ್ನ ಇಲ್ಲಿ ಬರದವನ ಕೈ ಸೇದಿ ಹೋಗ್ಲಿ. ಅವನ ಮನಿ ಮ್ಯಾಲಿನ ಮಣ್ಣು ಅವನ ತಲಿಮ್ಯಾಲೆ ಬೀಳ್ಲಿ."

ಲಾಡಸಾಬ ಅವಳ ಮಗ್ಗುಲಲ್ಲೇ ನಿಂತಿದ್ದ. ನನ್ನ ಮುಖ ನೋಡಿದ. ನಾನು ಫೈಲಿನ ದಾರ ಕಟ್ಟತೊಡಗಿದೆ.

ಮರುವಾರ ಒಬ್ಬನೇ ಬಂದು ಸಾಹೇಬರ ಮುಂದೆ ನಿಂತ. ತಪ್ಪು ತನ್ನದು, ಸ್ವಂತ ಬಣ್ಣ ತಂದು ತಿದ್ದಿ ಕೊಡುತ್ತೇನೆ ಎಂದ.

"ಮಂತ್ರಿಗಳು ಉದ್ಘಾಟನೆ ಮಾಡಿರೋ ನಕಾಶೆ ಕಣಯ್ಯ," ಎಂದರು ಸಾಹೇಬರು. "ಅದರ ಗಡಿ ಬದಲಾಯಿಸೋಕೆ ಗೆಜೆಟ್ ಆಗಬೇಕು."

"ಎಳಿಯೂ ಮುಂದ ಗೆಜೆಟ್ ಕೇಳ್ಲಿಲ್ಲಲ್ರೀ ಸಾಹೇಬ್ರ. ಬರೇ ಬೋರ್ಡ್ ಉಳಸು ಅಂದ್ರಿ."

ಸಾಹೇಬರು ಕೆಂಡವಾಗಿ ಅವನನ್ನು ಹೊರಗೆ ಕಳಿಸಿದರು. ಮುಂದಿನ ರವಿವಾರ ಮಧ್ಯಾಹ್ನ ನೀಲಪ್ಪನಿಂದ ಬೀಗ ತೆಗೆಸಿ ಲಾಡಸಾಬ ಒಳಗೆ ಹೋದ. ಬೋರ್ಡಿನ ಬಲಕ್ಕೆ ಒಂದು ಅಂಗೈಯಷ್ಟು ಹಸಿರು ಬಳಿದ. ಸೋಮವಾರ ಸಾಹೇಬರ ಕಣ್ಣಿಗೆ ಬಿತ್ತು. ನೀಲಪ್ಪನಿಗೆ ಮೆಮೋ ಕೊಟ್ಟರು, ಗದಗಿನ ಇನ್ನೊಬ್ಬ ಪೇಂಟರನ್ನು ಕರೆಸಿ ಮತ್ತೆ ಹಳದಿ ಹಚ್ಚಿಸಿದರು. ತಪ್ಪು ಗೋಡೆಯದು, ನಾನೂ ಅದನ್ನು ನಂಬಿ ಬರೆದೆ ಎಂದು ನಾನು ಅವತ್ತು ಲಿಖಿತ ಕೊಟ್ಟಿದ್ದರೆ ಕೆಲಸ ಆಗುತ್ತಿತ್ತು. ನನ್ನ ಬಡ್ತಿಯ ಕಾಗದ ಅದೇ ವಾರ ಸಾಹೇಬರ ಸಹಿಗೆ ಕಾಯುತ್ತಿತ್ತು. ಸಹಿ ಆಯಿತು. ಥೂ ಎಂದುಕೊಳ್ಳಲು ನನಗೆ ಇಪ್ಪತ್ತು ವರ್ಷ ಬೇಕಾದವು.

2000ದ ಮುಂಗಾರಿನಲ್ಲಿ ಮೂರು ದಿನ ಬಿಡದೆ ಮಳೆ ಹಿಡಿಯಿತು. ಹೊಟ್ಟೆ ಬಿಟ್ಟ ಗೋಡೆ ಬಿತ್ತು, ಮಾಳಿಗೆ ಅದರ ಹಿಂದೆಯೇ ಕುಸಿಯಿತು. ಹುಲಗಪ್ಪ ಮತ್ತಿತರರು ಮಣ್ಣು ತೋಡಿ ಅಲ್ಮಾಸಬಿಯನ್ನು ಹೊರಗೆ ತೆಗೆದರು. ಜೀವ ಉಳಿಯಿತು, ಸೊಂಟ ಮುರಿಯಿತು. ಅವಳು ಮತ್ತೆ ನಡೆಯುವುದಿಲ್ಲ ಎಂದು ಡಾಕ್ಟರು ಹೇಳಿದರು.

ಸುದ್ದಿ ತಿಳಿದು ಬಾಳೆಹಣ್ಣು ಹಿಡಿದುಕೊಂಡು ಆಸ್ಪತ್ರೆಗೆ ಹೋದೆ. ಲಾಡಸಾಬ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದ. ಕೂದಲೆಲ್ಲ ಕೆದರಿತ್ತು, ಊಟ ಮಾಡಿದವನಂತೆ ಕಾಣಲಿಲ್ಲ. ಅಲ್ಮಾಸಬಿ ಎಚ್ಚರವಾಗಿದ್ದಳು, ನನ್ನ ಗುರುತು ಹತ್ತಲಿಲ್ಲ. ಬೆಟಗೇರಿ ಕಚೇರಿಯವರು ಎಂದಷ್ಟೇ ಲಾಡಸಾಬ ಹೇಳಿದ. ನೋವಿನಲ್ಲಿ ನರಳುತ್ತ ಮತ್ತೆ ಅದೇ ಶಾಪ ತೆಗೆದಳು, ಆ ಗೋಡೆ ಬರೆದವನ ಕೈ ಸೇದಿ ಹೋಗಲಿ ಎಂದು. ಲಾಡಸಾಬ ಅವಳ ಕೈ ಹಿಡಿದುಕೊಂಡ.

"ಅಕ್ಕಾ, ಅದನ್ನ ಬರದವ ನಾನಽ. ನಿನ್ನ ಊರು ಕಾಣ್ಲಿ ಅಂತ ಬರದಿದ್ದೆ. ಜಾಗ ತಪ್ಪಿ ಬರದೆ."

ಅವಳು ಕೈ ಬಿಡಿಸಿಕೊಳ್ಳಲಿಲ್ಲ, ಹಿಡಿಯಲೂ ಇಲ್ಲ.

"ಅದನ್ನ ಸಾಹೇಬ್ರು ಯಾರರೆ ಬರದಿದ್ರ ಅವರ ಮ್ಯಾಲಿನವ್ರಿಗೆ ಅರ್ಜಿ ಕೊಡತಿದ್ದೆ," ಎಂದಳು. "ನೀ ಬರದೀ ಅಂದ್ರ ನಾ ಯಾರಿಗೆ ಕೊಡ್ಲೋ ಲಾಡ್ಯಾ?"

ಲಾಡಸಾಬ ತಲೆ ತಗ್ಗಿಸಿ ಬಿಕ್ಕಿದ. ಅವಳೇ ಕೇಳಿದಳು: "ನೀ ಅಂತೂ ಸಾಲಿ ಬಿಟ್ಟ ಅಡ್ನಾಡಿ, ಚಿತ್ರಾ ಬರದಿ. ಅದನ್ನ ನೋಡಿ ನನ್ನ ಅರ್ಜಿ ಮ್ಯಾಲೆ ಮುಂಡರಗಿ ಅಂತ ಬರದಾಂವ ಓದಿದಾಂವ ಇರಬೇಕಲ್ಲ. ಅಂವ ಯಾರು?"

ಲಾಡಸಾಬನಿಗೆ ಗೊತ್ತಿತ್ತು. ಅವತ್ತು ಫೈಲಿನ ದಾರ ಕಟ್ಟುತ್ತಿದ್ದ ನನ್ನ ಕೈ ನೋಡಿಯೇ ಅವನಿಗೆ ತಿಳಿದಿತ್ತು. ಅವನು ನನ್ನ ಕಡೆ ನೋಡದೆ ಹೇಳಿದ: "ಯಾರೋ ಗೊತ್ತಿಲ್ಲಕ್ಕಾ. ಅಂವ ವರ್ಗ ಆಗಿ ಹೋಗ್ಯಾನಂತ."

ಅಲ್ಮಾಸಬಿ ನನ್ನ ಕಡೆ ತಿರುಗಿ, "ಹೌದೇನ್ರೀ?" ಎಂದಳು.

"ಹೌದಬೇ ಯವ್ವಾ," ಎಂದೆ. "ಅಂವ ವರ್ಗ ಆಗಿ ಭಾಳ ದಿನಾ ಆತು."